ಗುದ್ದಿದ ಕಾರಿಗೂ ಒಂದು ವಂಶಾವಳಿ

1990ರಲ್ಲಿ ಲಂಡನ್ನಿನ ಹೈಕೋರ್ಟಿಗೆ ಒಂದು ಕಾರಿನ ಗುರುತಿನ ವ್ಯಾಜ್ಯ ಬಂತು. ‘ಓಲ್ಡ್ ನಂಬರ್ ಒನ್’ ಎಂದು ಹೆಸರಾದ ಬೆಂಟ್ಲಿ ಸ್ಪೀಡ್ ಸಿಕ್ಸ್ ಅದು. ಫ್ರಾನ್ಸಿನ ಲೆ ಮಾನ್‌ನಲ್ಲಿ ನಡೆಯುವ 24 ಗಂಟೆಗಳ ಪಂದ್ಯವನ್ನು 1929 ಮತ್ತು 1930ರಲ್ಲಿ ಸಾಲಾಗಿ ಗೆದ್ದದ್ದು. 1932ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನ ಏರುತಿರುವಿನ ಅಂಚು ದಾಟಿ ಕೆಳಗುರುಳಿತು. ಚಾಲಕ ಕ್ಲೈವ್ ಡನ್‌ಫಿ ತೀರಿಕೊಂಡರು. ಆಮೇಲೆ ಅದಕ್ಕೆ ಬೇರೆಯೇ ಒಡಲು ಬಂತು. ಒಂದು ಕೋಟಿ ಪೌಂಡಿಗೆ ಕೊಳ್ಳಲು ಒಪ್ಪಿದ್ದವರು, ಗೆದ್ದ ಕಾರಿನ ಭಾಗಗಳೇ ಇದರಲ್ಲಿಲ್ಲ ಎಂದು ತಕರಾರು ತೆಗೆದರು. ಭಾಗಗಳು ಬದಲಾದದ್ದು ಹೌದು, ಆದರೆ ಚರಿತ್ರೆ ಎಲ್ಲೂ ಕಡಿದಿಲ್ಲ, ಇದು ಓಲ್ಡ್ ನಂಬರ್ ಒನ್ನೇ ಎಂದು ನ್ಯಾಯಮೂರ್ತಿ ಓಟನ್ ತೀರ್ಪು ಕೊಟ್ಟರು.

ಹಳೆಯ ರೇಸ್ ಕಾರುಗಳ ಲೋಕ ಇಂದಿಗೂ ಗುರುತಿನ ಈ ಪ್ರಶ್ನೆಯ ಸುತ್ತಲೇ ಇದೆ. ಆ ಕಾರುಗಳು ತಮ್ಮ ಕಾಲದಲ್ಲಿ ಬರೀ ಕೆಲಸದ ಸಾಮಾನುಗಳು. ಭಾನುವಾರ ಗುದ್ದಿದ್ದಕ್ಕೆ ಮುಂದಿನ ಪಂದ್ಯದೊಳಗೆ ಹೊಸ ಮೂತಿ ಕೂರಿಸುತ್ತಿದ್ದರು, ಎಂಜಿನ್ ಕೆಟ್ಟರೆ ಪಕ್ಕದ ಕಾರಿನದನ್ನು ಕಳಚಿ ಹಾಕುತ್ತಿದ್ದರು. ನಾಳೆ ಇದು ಚರಿತ್ರೆಯಾದೀತೆಂದು ಯಾರೂ ಎಣಿಸಿರಲಿಲ್ಲ.

ಈ ಕಾರುಗಳು ಓಡುವುದನ್ನು ನೋಡಬೇಕೆಂದರೆ ಇಂಗ್ಲೆಂಡಿನ ಗುಡ್‌ವುಡ್‌ಗೆ ಹೋಗಬೇಕು. ಯುದ್ಧಕಾಲದ ವಿಮಾನನೆಲೆಯ ಅಂಚಿನ ರಸ್ತೆಯೇ ಅಲ್ಲಿ ಟ್ರ್ಯಾಕು. 1948ರಲ್ಲಿ ಶುರುವಾಗಿ 1966ರಲ್ಲಿ ಪಂದ್ಯಗಳು ನಿಂತವು. ಹೆಸರಾಂತ ರೇಸ್ ಚಾಲಕ ಸ್ಟರ್ಲಿಂಗ್ ಮಾಸ್ ಅವರ ವೃತ್ತಿಬದುಕು ಮುಗಿದದ್ದು 1962ರಲ್ಲಿ ಇಲ್ಲಿನ ಅಪಘಾತದಲ್ಲೇ. 1998ರಿಂದ ಬಹುತೇಕ ಪ್ರತಿ ಸೆಪ್ಟೆಂಬರಿನಲ್ಲಿ ‘ಗುಡ್‌ವುಡ್ ರಿವೈವಲ್’ ನಡೆಯುತ್ತಿದೆ, ಆ ಹದಿನೆಂಟು ವರ್ಷಗಳ ಕಾಲಮಾನದ ಕಾರುಗಳಿಗಾಗಿ. ಇದು ಮೆರವಣಿಗೆಯಲ್ಲ, ನಿಜವಾದ ಪೈಪೋಟಿ. ಸಣಕಲು ಟೈರುಗಳ ಮೇಲೆ ಕಾರು ಅಡ್ಡಡ್ಡ ಜಾರುತ್ತಲೇ ತಿರುವು ದಾಟುತ್ತದೆ. ಕೋಟಿಗಟ್ಟಲೆ ಬೆಲೆಯ ಫೆರಾರಿ, ಜಾಗ್ವಾರ್‌ಗಳು ಒಂದಕ್ಕೊಂದು ತಾಗುತ್ತವೆ, ಕೆಲವೊಮ್ಮೆ ಗೋಡೆಗೂ ಬಡಿಯುತ್ತವೆ.

ಬಡಿದ ಮೇಲೆ ಏನು ಮಾಡುತ್ತಾರೆ ಎಂಬುದರಲ್ಲಿ ಈ ಕಸುಬಿನ ಸತ್ವವೆಲ್ಲ ಇದೆ. 1964ರ ಅಕ್ಟೋಬರಿನಲ್ಲಿ ಪ್ಯಾರಿಸ್ ಬಳಿಯ ಮೊಂಲೇರಿ ಟ್ರ್ಯಾಕಿನಲ್ಲಿ ಜರ್ಮನ್ ಚಾಲಕ ಪೀಟರ್ ಲಿಂಡ್ನರ್ ಅಪಘಾತದಲ್ಲಿ ಸತ್ತರು. ಅವರದು ಜಾಗ್ವಾರ್ ಕಂಪನಿ ಆಗ ಹನ್ನೆರಡೇ ಕಟ್ಟಿದ್ದ ಹಗುರ ಇ-ಟೈಪ್‌ಗಳಲ್ಲೊಂದು. ಅದರ ಮುದ್ದೆಯಾದ ಅಲ್ಯೂಮಿನಿಯಂ ಒಡಲನ್ನು ಪುಣ್ಯಕ್ಕೆ ಯಾರೂ ಗುಜರಿಗೆ ಹಾಕಲಿಲ್ಲ. ದಶಕಗಳ ನಂತರ ಇಂಗ್ಲೆಂಡಿನ ಬ್ರಿಡ್ಜ್‌ನಾರ್ತ್ ಊರಿನ ಕುಶಲಕರ್ಮಿಗಳು ಹೊಸ ತಗಡು ಕತ್ತರಿಸುವ ಸುಲಭದ ದಾರಿ ಬಿಟ್ಟು ಆ ಮುದ್ದೆಯನ್ನೇ ಬಿಡಿಸತೊಡಗಿದರು. ಸುಮಾರು 7,000 ಗಂಟೆಗಳ ದುಡಿಮೆ. ಮೂಲ ಲೋಹದ ಬಹುಪಾಲು ಉಳಿಯಿತು.

ಇದೆಷ್ಟು ಕಷ್ಟವೆಂಬುದು ಟಿಂಕರಿಂಗ್ ಬಲ್ಲವರಿಗೆ ಗೊತ್ತು. ಮಡಿಚಿದ ಕಡೆ ಅಲ್ಯೂಮಿನಿಯಂ ಗಡುಸಾಗಿಬಿಡುತ್ತದೆ. ಹಾಗೇ ಬಡಿದರೆ ಬಿರಿಯುತ್ತದೆ. ಕಾಯಿಸಿ ಮೆತ್ತಗಾಗಿಸಬೇಕು. ಆದರೆ ಕಬ್ಬಿಣದಂತೆ ಅದು ಕೆಂಪಗಾಗಿ ಸುಳಿವು ಕೊಡುವುದಿಲ್ಲ, ನೋಡನೋಡುತ್ತಲೇ ಕರಗಿ ಸೋರುತ್ತದೆ. ಹಳಬರ ಉಪಾಯವೊಂದಿದೆ: ತಗಡಿಗೆ ಸಾಬೂನು ಉಜ್ಜಿ ಬೆಂಕಿ ಹಿಡಿಯುವುದು. ಸಾಬೂನು ಕಪ್ಪಾದೊಡನೆ ಬೆಂಕಿ ತೆಗೆಯಬೇಕು. ಆಮೇಲೆ ಸುತ್ತಿಗೆ, ಮರಳಿನ ಚೀಲ, ಅಂಗೈ ಸವರಿ ಉಬ್ಬುತಗ್ಗು ಅಳೆಯುವ ತಾಳ್ಮೆ. ಹರಿದ ಅಂಚುಗಳನ್ನು ಬೆಸೆದು ಹಳೆಯ ರಿವೆಟ್ ತೂತುಗಳಿಗೇ ಕೂಡಿಸಬೇಕು. ನನ್ನ ಮಟ್ಟಿಗೆ ಇದು ಪಂದ್ಯ ಗೆಲ್ಲುವುದಕ್ಕಿಂತ ದೊಡ್ಡ ಸಾಧನೆ.

ಎಲ್ಲರೂ ಇಷ್ಟು ಪಾಡು ಪಡುವುದಿಲ್ಲ. ಅನೇಕ ಮಾಲೀಕರು ಮೂಲ ಎಂಜಿನನ್ನು ಕಳಚಿ ಜೋಪಾನವಾಗಿಟ್ಟು, ಹೊಸದಾಗಿ ಎರಕ ಹೊಯ್ದದ್ದನ್ನು ಹಾಕಿ ಪಂದ್ಯಕ್ಕಿಳಿಯುತ್ತಾರೆ. ಅದು ವಿವೇಕವೇ, ಬರೆದಿಟ್ಟರೆ. ಬರೆಯದೆ ಬಿಟ್ಟ ಕಡೆ ಒಂದೇ ಕಾರಿನ ಅವಶೇಷಗಳಿಂದ ಎರಡು ಕಾರು ಹುಟ್ಟಿ, ಎರಡೂ ತಾನೇ ಅಸಲು ಎನ್ನತೊಡಗುತ್ತವೆ. ಅಮೆರಿಕದ ವಿಂಟೇಜ್ ಪಂದ್ಯಗಳವರು ಗುದ್ದುವುದನ್ನೇ ತಡೆಯಲು ನಿಯಮ ಮಾಡಿಕೊಂಡಿದ್ದಾರೆ: ತಪ್ಪಿತಸ್ಥ ಚಾಲಕ ಆ ಕೂಟದಿಂದ ಹೊರಗೆ, ಮುಂದಿನ ಹದಿಮೂರು ತಿಂಗಳು ನಿಗಾದಲ್ಲಿ, ಅಷ್ಟರೊಳಗೆ ಮತ್ತೆ ಗುದ್ದಿದರೆ ಹದಿಮೂರು ತಿಂಗಳು ನಿಷೇಧ.

ಫಿಲಡೆಲ್ಫಿಯಾದ ಫ್ರೆಡ್ ಸಿಮಿಯೋನ್ ಹಿಡಿದದ್ದು ಮತ್ತೊಂದು ದಾರಿ. ವೃತ್ತಿಯಲ್ಲಿ ನರಶಸ್ತ್ರಚಿಕಿತ್ಸಕರಾಗಿದ್ದ ಅವರು ತಮ್ಮ ರೇಸ್ ಕಾರುಗಳಿಗೆ 2008ರಲ್ಲಿ ವಸ್ತುಸಂಗ್ರಹಾಲಯ ತೆರೆದರು. ಹಳೆಯ ಬಣ್ಣವನ್ನು ಕೆರೆಯಬಾರದು, ಸವೆದ ಚರ್ಮದ ಸೀಟನ್ನು ಬದಲಿಸಬಾರದು ಎಂಬುದು ಅವರ ಪಟ್ಟಾಗಿತ್ತು. ಹಾಗೆಂದು ಕಾರುಗಳನ್ನು ಸುಮ್ಮನೆ ನಿಲ್ಲಿಸಿಟ್ಟಿಲ್ಲ. ಗೊತ್ತಾದ ದಿನಗಳಲ್ಲಿ ಸಂಗ್ರಹಾಲಯದವರು ಹಿತ್ತಲಿನ ಅಂಗಳದಲ್ಲಿ ಓಡಿಸಿ ತೋರಿಸುತ್ತಾರೆ. ಹೊಯ್ಸಳರ ಶಿಲ್ಪಕ್ಕೆ ಆಯಿಲ್ ಪೇಂಟ್ ಬಳಿದು ‘ಜೀರ್ಣೋದ್ಧಾರ’ ಮಾಡಿದ್ದನ್ನು ಕಂಡು ಸಂಕಟಪಟ್ಟವರಿಗೆ ಈ ಪಟ್ಟು ಅರ್ಥವಾಗುತ್ತದೆ.

ಹಾಗಾದರೆ ಓಡಿಸಬೇಕೋ, ಕಾಪಾಡಬೇಕೋ? ಎಷ್ಟೋ ಸಲ ಗುದ್ದಿ, ಭಾಗಗಳೆಲ್ಲ ಬದಲಾಗಿರುವ ಕಾರುಗಳು ಧಾರಾಳವಾಗಿ ಪಂದ್ಯಕ್ಕಿಳಿಯಲಿ. ಅವು ಹುಟ್ಟಿದ್ದೇ ಅದಕ್ಕೆ. ಕಾರ್ಖಾನೆಯ ಬಣ್ಣ, ಮೊದಲ ತಗಡು, ಮೊದಲ ಎಂಜಿನ್ ಉಳಿಸಿಕೊಂಡ ಬೆರಳೆಣಿಕೆಯ ಕಾರುಗಳು ಓಡಲಿ, ಆದರೆ ಪೈಪೋಟಿಗೆ ಬೇಡ.