ಲೋಹಶೋಧಕ ಯಂತ್ರ: ಬಳಕೆಯ ಹೊಣೆ ಮತ್ತು ಪಾಲನೆ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿರುವ ನಮ್ಮ ಕನ್ನಡಿಗರು ಮಾಲುಗಳ ಬಾಗಿಲಿನಲ್ಲಿ ಲೋಹಶೋಧಕವನ್ನು ನಿತ್ಯವೂ ದಾಟುತ್ತಾರೆ. ಕೋಲಿನ ತುದಿಗೆ ತಟ್ಟೆ ಜೋಡಿಸಿದ, ನೆಲವನ್ನು ಶೋಧಿಸುವ ಯಂತ್ರವು ಈಗ ಮನೆಬಾಗಿಲಿಗೇ ತರಿಸಿಕೊಳ್ಳುವಷ್ಟು ಸುಲಭವಾಗಿದೆ. ರಜೆಯಲ್ಲಿ ಊರಿಗೆ ಹೊರಟವರು ಅದನ್ನೂ ಜೊತೆಗೆ ಒಯ್ಯಬೇಕೆನ್ನುವ ಮುನ್ನ ಕೆಲವು ಸಂಗತಿಗಳನ್ನು ಅರಿತಿರುವುದು ಲೇಸು.

ಇದರ ತತ್ತ್ವ ಸರಳವಾದುದು. ತಟ್ಟೆಯೊಳಗಿನ ತಂತಿಸುರುಳಿಯಲ್ಲಿ ವಿದ್ಯುತ್ತು ಹರಿದು, ಬದಲಾಗುತ್ತಿರುವ ಕಾಂತಕ್ಷೇತ್ರವೊಂದು ಉಂಟಾಗುತ್ತದೆ. ಅದು ಮಣ್ಣಿನೊಳಗಿನ ಲೋಹದಲ್ಲಿ ಕಿರಿದಾದ ವಿದ್ಯುತ್ಸುಳಿಯನ್ನು ಹುಟ್ಟಿಸುತ್ತದೆ. ಅದನ್ನು ಗ್ರಹಿಸಿ ಯಂತ್ರವು ಸದ್ದು ಮಾಡುತ್ತದೆ. ದೂರವಾಣಿಯ ಗ್ರಹಾಂ ಬೆಲ್ಲರು 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡರ ಶರೀರದಲ್ಲಿ ಹುದುಗಿದ್ದ ಗುಂಡನ್ನು ಇಂಥದೇ ಉಪಕರಣದಿಂದ ಹುಡುಕಿ ವಿಫಲರಾದರು. ನಮ್ಮ ಈ ಭಾಗದ ಕರಿಕಲ್ಲಿನಲ್ಲಿ ಕಬ್ಬಿಣದ ಅಂಶವಿದೆ. ಖಾಡಿಯ ಉಪ್ಪುಮಣ್ಣು ತಾನೇ ವಿದ್ಯುದ್ವಾಹಕ. ಆದ್ದರಿಂದ ಇಲ್ಲಿ ಸುಳ್ಳುಕೂಗು ಹೆಚ್ಚು. ಚಿನ್ನದ ಉಂಗುರಕ್ಕೂ ಅಲ್ಯುಮಿನಿಯಂ ಚೂರಿಗೂ ಒಂದೇ ಸ್ವರ ಬರುವುದುಂಟು. ಸಾಧಾರಣ ಯಂತ್ರವು ನಾಣ್ಯವೊಂದನ್ನು ಗೇಣುದ್ದದ ಆಳದಲ್ಲಿ ಕಂಡರೆ ಅದೇ ದೊಡ್ಡದು. ಹತ್ತಾರು ಅಡಿ ಆಳದ ನಿಧಿಯನ್ನು ತೋರಿಸುವುದೆಂದು ಲಕ್ಷಗಟ್ಟಲೆ ಬೆಲೆಗೆ ಮಾರುವ ಯಂತ್ರಗಳಿಗಾಗಿ ಯಾರೂ ಸಾಲ ಮಾಡಬಾರದೆಂದು, ಬ್ಯಾಂಕಿನವನಾಗಿ, ಹೇಳಲೇಬೇಕಾಗಿದೆ.

ನಾವಿರುವ ನೆಲ ಸಾಮಾನ್ಯವಾದುದಲ್ಲ. ಕಲ್ಯಾಣದ ವರ್ತಕರ ದಾನಗಳು ಕನ್ಹೇರಿಯ ಗುಹಾಶಾಸನಗಳಲ್ಲಿವೆ. ಅಂಬರನಾಥದ ಶಿಲಾಹಾರ ದೇಗುಲದ ಶಾಸನ 1060ರದು. ಹಿಂದೆ ಠಾಣೆ ಜಿಲ್ಲೆಗೆ ಸೇರಿದ್ದ ಸೋಪಾರದಲ್ಲಿ 1882ರಲ್ಲಿ ಭಗವಾನ್‌ಲಾಲ್ ಇಂದ್ರಜಿಯವರು ಸ್ತೂಪವನ್ನು ಅಗೆದಾಗ ಕಲ್ಲಿನ ಸಂಪುಟದಲ್ಲಿ ಕರಂಡಕಗಳು, ಬುದ್ಧರ ಕಂಚಿನ ಮೂರ್ತಿಗಳು, ಚಿನ್ನದ ಹೂಗಳು ಮತ್ತು ಶಾತವಾಹನ ದೊರೆ ಯಜ್ಞ ಶಾತಕರ್ಣಿಯ ಒಂದು ಬೆಳ್ಳಿಯ ನಾಣ್ಯ ದೊರೆತವು. ಆ ನಾಣ್ಯವು ಅಲ್ಲಿಯೇ, ಅವುಗಳೊಡನೆಯೇ ಇದ್ದುದರಿಂದ ಸ್ತೂಪದ ಕಾಲವನ್ನು ಚರ್ಚಿಸಲು ಸಾಧ್ಯವಾಯಿತು. ಅದನ್ನೇ ಯಾರಾದರೂ ಮೊದಲೇ ಕಿತ್ತು ಅಕ್ಕಸಾಲಿಗನಿಗೆ ಕೊಟ್ಟಿದ್ದರೆ ಉಳಿಯುತ್ತಿದ್ದುದು ಒಂದು ತುಣುಕು ಬೆಳ್ಳಿ ಮಾತ್ರ. ಊರಿನ ಕಡೆ ನಂದಿಯನ್ನು ಉರುಳಿಸಿ, ಲಿಂಗದ ಪೀಠವನ್ನು ಅಗೆಯುವ ನಿಧಿಗಳ್ಳರ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ಯಂತ್ರ ಹೊಸದು, ದುರಾಸೆ ಹಳೆಯದು.

ಕಾನೂನು ಸ್ಪಷ್ಟವಾಗಿದೆ. 1878ರ ಭಾರತೀಯ ನಿಧಿ ಕಾಯಿದೆಯಂತೆ ಹತ್ತು ರೂಪಾಯಿಗೆ ಮೀರಿದ ಬೆಲೆಯ ನಿಧಿ ದೊರೆತರೆ ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸತಕ್ಕದ್ದು. (ಹತ್ತು ರೂಪಾಯಿಗೆ ಇಂದು ವಡಾಪಾವ್ ಕೂಡ ಸಿಗುವುದು ಕಷ್ಟ!) ನಿಧಿಗೆ ಒಡೆಯರಿಲ್ಲವೆಂದು ತೀರ್ಮಾನವಾದರೆ ಸಾಮಾನ್ಯವಾಗಿ ಕಂಡವನಿಗೆ ಮುಕ್ಕಾಲು, ನೆಲದ ಒಡೆಯನಿಗೆ ಕಾಲು ಪಾಲು, ಸರಕಾರವೇ ಅದನ್ನು ಇಟ್ಟುಕೊಂಡರೆ ಲೋಹದ ಬೆಲೆಯ ಮೇಲೆ ಐದನೆಯ ಒಂದಂಶ ಅಧಿಕ. ಮುಚ್ಚಿಟ್ಟರೆ ಪಾಲು ಹೋಗುವುದಲ್ಲದೆ ಒಂದು ವರ್ಷದವರೆಗೆ ಸೆರೆಮನೆಯೂ ಉಂಟು. ಬರಿಯ ಜಮಾ-ಖರ್ಚಿನ ದೃಷ್ಟಿಯಿಂದಲೂ ಮುಚ್ಚಿಡುವುದು ನಷ್ಟದ ವ್ಯವಹಾರ. ಕರ್ನಾಟಕಕ್ಕೆ 1962ರ ಪ್ರತ್ಯೇಕ ಕಾಯಿದೆಯಿದೆ. ಸಂರಕ್ಷಿತ ಸ್ಮಾರಕಗಳ ಆವರಣದಲ್ಲಿ ಅಗೆಯುವಂತಿಲ್ಲ. ಠಾಣೆ ಖಾಡಿಯ ರಾಜಹಂಸಧಾಮದ ಕಾಂಡ್ಲಾಕಾಡಿಗೂ ಕೈ ಹಾಕಬಾರದು. ತೋಟದಲ್ಲಿ ಕಳೆದ ಉಂಗುರವನ್ನು, ಒಡೆಯರ ಒಪ್ಪಿಗೆ ಪಡೆದು, ಹುಡುಕುವುದು ಈ ಯಂತ್ರಕ್ಕೆ ತಕ್ಕ ಕೆಲಸ. ತೆಗೆದ ಗುಂಡಿಯನ್ನು ಮುಚ್ಚಿ ಹಿಂದಿರುಗಬೇಕು.

ಇನ್ನು ಪಾಲನೆ. ಅನೇಕ ಯಂತ್ರಗಳಲ್ಲಿ ತಟ್ಟೆ ಮಾತ್ರ ನೀರನ್ನು ತಾಳುತ್ತದೆ, ಮೇಲಿನ ಪೆಟ್ಟಿಗೆ ತಾಳದು. ಕಡಲದಂಡೆಯಿಂದ ಬಂದೊಡನೆ ತಟ್ಟೆಯನ್ನು ಸಿಹಿನೀರಿನಲ್ಲಿ ತೊಳೆದು, ಪೆಟ್ಟಿಗೆಯನ್ನು ಒದ್ದೆಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಒಣಗಿಸಬೇಕು. ತಂತಿಯನ್ನು ಬಿಗಿಯಾಗಿ ಸುತ್ತಿದರೆ ಬೆಸುಗೆ ಬಿಡುತ್ತದೆ. ನಮ್ಮ ನಾಲ್ಕು ತಿಂಗಳ ಮಳೆಗಾಲದಲ್ಲಿ ಯಂತ್ರ ಮೂಲೆ ಸೇರುವುದೇ ಹೆಚ್ಚು. ಆಗ ಸೆಲ್ಲುಗಳನ್ನು ಹೊರತೆಗೆಯದಿದ್ದರೆ ಅವು ಸೋರಿ ಸಂಪರ್ಕಪಟ್ಟಿಗಳನ್ನು ತಿಂದುಬಿಡುವುವು.

ಯಂತ್ರದೊಡನೆ ದೇಹದ ಪಾಲನೆಯೂ ಬೇಕು. ಸದ್ದು ಬಂದಲ್ಲಿ ಬಹುಪಾಲು ಸಿಗುವುದು ತುಕ್ಕುಮೊಳೆಯೇ. ದಪ್ಪ ಕೈಚೀಲ, ಗಟ್ಟಿ ಪಾದರಕ್ಷೆ ಧರಿಸತಕ್ಕದ್ದು. ಮಣ್ಣು ತಗಲಿದ ಗಾಯವನ್ನು ಸಾಬೂನು ನೀರಿನಿಂದ ತೊಳೆದು, ಧನುರ್ವಾಯುವಿನ ಚುಚ್ಚುಮದ್ದಿಗಾಗಿ ತಡಮಾಡದೆ ವೈದ್ಯರನ್ನು ಕಾಣಬೇಕು.