ಪಿಎಸ್‌ಎ ಮತ್ತೆ ಏರಿದಾಗ: ಪ್ರಾಸ್ಟೇಟ್ ಕ್ಯಾನ್ಸರ್ ಮತ್ತು ಜೀವನಕ್ರಮ

ಪ್ರಾಸ್ಟೇಟ್ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯನ್ನೋ ವಿಕಿರಣ ಚಿಕಿತ್ಸೆಯನ್ನೋ ಮಾಡಿಸಿಕೊಂಡು ನಾಲ್ಕಾರು ವರ್ಷ ಆರಾಮವಾಗಿದ್ದ ವ್ಯಕ್ತಿಯ ಕೈಗೆ ಒಂದು ದಿನ ರಕ್ತಪರೀಕ್ಷೆಯ ವರದಿ ಬರುತ್ತದೆ. ನೋವಿಲ್ಲ, ಮೂತ್ರಕ್ಕೆ ತೊಂದರೆಯಿಲ್ಲ, ಊಟ ನಿದ್ದೆ ಎಂದಿನಂತಿವೆ. ವರದಿಯಲ್ಲಿರುವ ಒಂದು ಸಂಖ್ಯೆ ಮಾತ್ರ ಕಳೆದ ಸಲಕ್ಕಿಂತ ಹೆಚ್ಚಾಗಿದೆ. "ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ನೋಡೋಣ" ಎನ್ನುತ್ತಾರೆ ವೈದ್ಯರು. ಆ ಮೂರು ತಿಂಗಳು ಸುಮ್ಮನೆ ಕುಳಿತಿರುವುದು ಬಹಳ ಕಷ್ಟ. ಏನಾದರೂ ಮಾಡಬೇಕು ಎನಿಸುತ್ತದೆ. ನೆಂಟರು, ನೆರೆಯವರು ತಲೆಗೊಂದು ಸಲಹೆ ಕೊಡುತ್ತಾರೆ: ದಾಳಿಂಬೆ ರಸ ಕುಡಿಯಿರಿ, ಟೊಮೇಟೊ ತಿನ್ನಿ, ವಿಟಮಿನ್ ಗುಳಿಗೆ ನುಂಗಿ, ಬೆಳಗ್ಗೆ ನಡೆಯಿರಿ. ಇವುಗಳಲ್ಲಿ ಯಾವುದು ಹುರುಳುಳ್ಳದ್ದು, ಯಾವುದು ಬರಿಯ ಆಸೆ, ಯಾವುದು ಅಪಾಯ ಎಂದು ವಿಂಗಡಿಸುವ ಕೆಲಸ ಕಳೆದ ಎರಡು ದಶಕಗಳಲ್ಲಿ ತಕ್ಕಮಟ್ಟಿಗೆ ನಡೆದಿದೆ.

ಮೊದಲು ಆ ಸಂಖ್ಯೆಯ ವಿಷಯ. ಪ್ರಾಸ್ಟೇಟ್ ಗ್ರಂಥಿ ಗಂಡಸರಲ್ಲಿ ಮಾತ್ರ ಇರುವಂಥದು. ಮೂತ್ರಕೋಶದ ಕೆಳಗೆ, ಮೂತ್ರ ಹೊರಹೋಗುವ ನಾಳವನ್ನು ಸುತ್ತುವರಿದು ಕುಳಿತಿರುವ ಇದು ವೀರ್ಯದ ದ್ರವದ ಒಂದಂಶವನ್ನು ಸ್ರವಿಸುತ್ತದೆ. ಗ್ರಂಥಿಯ ಜೀವಕೋಶಗಳು ತಯಾರಿಸುವ ಒಂದು ಪ್ರೋಟೀನಿಗೆ ಪ್ರಾಸ್ಟೇಟ್ ನಿರ್ದಿಷ್ಟ ಪ್ರತಿಜನಕ, ಚಿಕ್ಕದಾಗಿ ಪಿಎಸ್‌ಎ ಎಂದು ಹೆಸರು. ಗರಣೆಗಟ್ಟಿದ ವೀರ್ಯವನ್ನು ತೆಳುವಾಗಿಸುವುದು ಅದರ ಸಹಜ ಕೆಲಸ. ಸ್ವಲ್ಪ ಪಾಲು ರಕ್ತಕ್ಕೂ ಸೇರುತ್ತದೆ. ಗ್ರಂಥಿಯನ್ನೇ ತೆಗೆದುಹಾಕಿದ ಮೇಲೆ ರಕ್ತದಲ್ಲಿ ಪಿಎಸ್‌ಎ ಇರಲು ಕಾರಣವಿಲ್ಲ. ಹಾಗಿದ್ದೂ ಅದು ಮಿಲಿಲೀಟರಿಗೆ 0.2 ನ್ಯಾನೊಗ್ರಾಂ ಮುಟ್ಟಿ, ಮರುಪರೀಕ್ಷೆಯಲ್ಲೂ ಅಷ್ಟೇ ಅಥವಾ ಹೆಚ್ಚು ಕಂಡರೆ, ಎಲ್ಲೋ ಪ್ರಾಸ್ಟೇಟ್ ಜೀವಕೋಶಗಳು ಉಳಿದು ಬೆಳೆಯುತ್ತಿವೆ ಎಂದರ್ಥ. ವಿಕಿರಣ ಚಿಕಿತ್ಸೆಯಾದವರಲ್ಲಿ ಗ್ರಂಥಿ ಇದ್ದೇ ಇರುವುದರಿಂದ ಲೆಕ್ಕ ಬೇರೆ: ಚಿಕಿತ್ಸೆಯ ನಂತರ ಮುಟ್ಟಿದ ಅತಿ ಕೆಳಮಟ್ಟಕ್ಕಿಂತ 2 ನ್ಯಾನೊಗ್ರಾಂ ಮೇಲೇರಿದರೆ ಅದನ್ನು ಮರುಕಳಿಕೆ ಎನ್ನುತ್ತಾರೆ. ಸ್ಕ್ಯಾನ್‌ನಲ್ಲಿ ಏನೂ ಕಾಣದೆ ರಕ್ತದಲ್ಲಷ್ಟೇ ಕಾಣುವ ಈ ಸ್ಥಿತಿಗೆ ಜೀವರಾಸಾಯನಿಕ ಮರುಕಳಿಕೆ ಎಂದು ಹೆಸರು.

ಮರುಕಳಿಕೆ ಎಂದೊಡನೆ ಸಾವು ಹತ್ತಿರವಾಯಿತೆಂದು ಭಾವಿಸಬೇಕಿಲ್ಲ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ವೈದ್ಯರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆಯಾದ 1,997 ಮಂದಿ ಇದ್ದರು. ಅವರಲ್ಲಿ 315 ಜನರಿಗೆ ಪಿಎಸ್‌ಎ ಮತ್ತೆ ಏರಿತು. ಕ್ಯಾನ್ಸರ್ ಹರಡಿದ್ದು ಕಾಣುವವರೆಗೆ ಹಾರ್ಮೋನ್ ಚಿಕಿತ್ಸೆ ಕೊಡದೆ ಗಮನಿಸಿದ 304 ಮಂದಿಯಲ್ಲಿ, ಅಧ್ಯಯನದ ಅವಧಿಯೊಳಗೆ ಬೇರೆಡೆಗೆ ಹರಡಿದ್ದು 103 ಜನರಲ್ಲಿ, ಎಂದರೆ ಮೂವರಲ್ಲಿ ಒಬ್ಬರಿಗೆ. ಪಿಎಸ್‌ಎ ಏರಿದಂದಿನಿಂದ ಹರಡುವಿಕೆ ಕಾಣುವವರೆಗಿನ ಕಾಲದ ಮಧ್ಯಾಂಕ 8 ವರ್ಷ. ಈಗ ಹಾಗೆ ಕಾಯುತ್ತ ಕೂರುವುದು ಕಡಿಮೆ. ಶಸ್ತ್ರಚಿಕಿತ್ಸೆಯಾದವರಿಗೆ ಆ ಜಾಗಕ್ಕೆ ವಿಕಿರಣ ಕೊಡುವ ಎರಡನೆಯ ಅವಕಾಶವಿದೆ. ಪಿಎಸ್‌ಎ ಕಡಿಮೆಯಿರುವಾಗಲೇ ಕೊಟ್ಟರೆ ಫಲ ಹೆಚ್ಚು. ಆದುದರಿಂದ, ಆಹಾರ ಬದಲಿಸಿ ನೋಡುತ್ತೇನೆಂದು ಈ ಅವಕಾಶವನ್ನು ಮುಂದೂಡುವುದು ದೊಡ್ಡ ತಪ್ಪಾಗುತ್ತದೆ. ಮುಂದೆ ಹೇಳುವುದೆಲ್ಲ ಚಿಕಿತ್ಸೆಯ ಜೊತೆಗೆ ಮಾಡಬೇಕಾದದ್ದು.

ಇಮ್ಮಡಿಯಾಗುವ ಅವಧಿ

ವೈದ್ಯರು ಪಿಎಸ್‌ಎಯ ಮಟ್ಟಕ್ಕಿಂತ ಅದರ ವೇಗವನ್ನು ಹೆಚ್ಚು ಗಮನಿಸುತ್ತಾರೆ. ಜೀವಕೋಶ ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುವುದರಿಂದ ಪಿಎಸ್‌ಎ ಕೂಡ ಸುಮಾರಾಗಿ ಘಾತೀಯವಾಗಿ ಏರುತ್ತದೆ. ಅದು ಇಮ್ಮಡಿಯಾಗಲು ಬೇಕಾದ ಕಾಲವನ್ನು ಲಾಗರಿದಂ ಬಲ್ಲ ಪಿಯುಸಿ ವಿದ್ಯಾರ್ಥಿಯೂ ಕಂಡುಹಿಡಿಯಬಹುದು. ಹನ್ನೆರಡು ತಿಂಗಳಲ್ಲಿ ಪಿಎಸ್‌ಎ 0.3ರಿಂದ 0.9ಕ್ಕೆ ಏರಿತೆನ್ನಿ. ಅನುಪಾತ 3. 2ರ ಲಾಗರಿದಂ 0.301, 3ರದು 0.477. ಹನ್ನೆರಡನ್ನು 0.301ರಿಂದ ಗುಣಿಸಿ 0.477ರಿಂದ ಭಾಗಿಸಿದರೆ ಸುಮಾರು ಏಳೂವರೆ ತಿಂಗಳು. ಮೂರು ತಿಂಗಳಿಗಿಂತ ಕಡಿಮೆ ಬಂದರೆ ರೋಗ ಉಗ್ರವಾಗಿದೆ, ಹದಿನೈದು ತಿಂಗಳು ದಾಟಿದರೆ ನಿಧಾನವಾಗಿದೆ ಎಂಬುದು ಸ್ಥೂಲವಾದ ಅಳತೆ. ರೇಡಿಯೊವಿಕಿರಣದ ಅರ್ಧಾಯುಷ್ಯ ಕಲಿಸುವ ಶಿಕ್ಷಕರು ಇದನ್ನೂ ಒಂದು ಉದಾಹರಣೆಯಾಗಿ ಕೊಡಬಹುದು. ಗಣಿತ ಒಂದೇ, ಚಿಹ್ನೆ ಮಾತ್ರ ತಿರುಗುಮುರುಗು.

ಈ ಅಳತೆಗೋಲಿನಿಂದಲೇ ದಾಳಿಂಬೆಯ ಕಥೆ ಶುರುವಾಯಿತು. ಲಾಸ್ ಏಂಜಲಿಸ್‌ನ ಸಂಶೋಧಕರು ಚಿಕಿತ್ಸೆಯ ನಂತರ ಪಿಎಸ್‌ಎ ಏರುತ್ತಿದ್ದ 46 ಗಂಡಸರಿಗೆ ದಿನಕ್ಕೆ ಸುಮಾರು 240 ಮಿಲಿಲೀಟರ್ ದಾಳಿಂಬೆ ರಸ ಕೊಟ್ಟರು. 2006ರಲ್ಲಿ ಫಲಿತಾಂಶ ಪ್ರಕಟವಾಯಿತು: ಇಮ್ಮಡಿಯಾಗುವ ಸರಾಸರಿ ಅವಧಿ 15 ತಿಂಗಳಿಂದ 54 ತಿಂಗಳಿಗೆ ಹಿಗ್ಗಿತ್ತು. ಲೋಕವೆಲ್ಲ ಸುದ್ದಿಯಾಯಿತು. ಆದರೆ ಆ ಪ್ರಯೋಗದಲ್ಲಿ ಹೋಲಿಕೆಗೆಂದು ಇನ್ನೊಂದು ಗುಂಪು ಇರಲಿಲ್ಲ. 2015ರಲ್ಲಿ 183 ಮಂದಿಯ ಮೇಲೆ ನಡೆದ ಪ್ರಯೋಗದ ವರದಿ ಬಂತು. ಇದರಲ್ಲಿ ಕೆಲವರಿಗೆ ದಾಳಿಂಬೆಯ ಸಾರ, ಕೆಲವರಿಗೆ ರಸ, ಇನ್ನು ಕೆಲವರಿಗೆ ಪ್ಲಸೀಬೊ ಎಂಬ ಹುಸಿಮದ್ದು. ಸಾರ ಕುಡಿದವರಲ್ಲಿ ಅವಧಿ 12.9ರಿಂದ 14.5 ತಿಂಗಳಿಗೆ ಏರಿತು. ಹುಸಿಮದ್ದು ಕುಡಿದವರಲ್ಲೂ 11.1ರಿಂದ 15.6ಕ್ಕೆ ಏರಿತು! ದಾಳಿಂಬೆಯಿಂದ ಗಣನೀಯ ವ್ಯತ್ಯಾಸವೇನೂ ಕಾಣಲಿಲ್ಲ.

ಏನೂ ಇಲ್ಲದ ಹುಸಿಮದ್ದಿನಿಂದ ಕ್ಯಾನ್ಸರ್ ನಿಧಾನವಾಯಿತೆ? ಇಲ್ಲ. ಪಿಎಸ್‌ಎ ಅಳತೆ ಒಂದಿಷ್ಟು ಏರಿಳಿಯುತ್ತಲೇ ಇರುತ್ತದೆ. ಪ್ರಯೋಗಕ್ಕೆ ಆಯ್ಕೆಯಾಗುವವರು ಇತ್ತೀಚೆಗೆ ಏರಿಕೆ ಕಂಡವರೇ. ಅವರಲ್ಲಿ ಕೆಲವರ ಏರಿಕೆ ಆಕಸ್ಮಿಕವಾಗಿ ತುಸು ಕಡಿದಾಗಿರುತ್ತದೆ. ಮುಂದಿನ ಅಳತೆಗಳಲ್ಲಿ ಅದು ತಾನಾಗಿಯೇ ಸಹಜ ವೇಗಕ್ಕೆ ಬರುತ್ತದೆ. ಸಂಖ್ಯಾಶಾಸ್ತ್ರದಲ್ಲಿ ಇದನ್ನು ಸರಾಸರಿಯತ್ತ ಮರಳುವಿಕೆ ಎನ್ನುತ್ತಾರೆ. "ನಾನು ಇಂಥದ್ದು ತಿಂದೆ, ಪಿಎಸ್‌ಎ ಹತೋಟಿಗೆ ಬಂತು" ಎನ್ನುವ ಅನುಭವದ ಮಾತುಗಳ ಹಿಂದೆ ಹಲವು ಸಲ ಇರುವುದು ಇದೇ. ಈ ರಸದ ಬಗ್ಗೆ ಅತಿರೇಕದ ಜಾಹೀರಾತು ಕೊಟ್ಟಿದ್ದ ಅಮೆರಿಕದ ಒಂದು ಕಂಪನಿಯ ವಿರುದ್ಧ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2010ರಲ್ಲಿ ಮೊಕದ್ದಮೆ ಹೂಡಿತ್ತು. ಬಾಗಲಕೋಟೆ, ಕೊಪ್ಪಳಗಳ ನಮ್ಮ ಬೆಳೆಗಾರರು ಬೇಸರಿಸಬೇಕಿಲ್ಲ. ದಾಳಿಂಬೆ ಒಳ್ಳೆಯ ಹಣ್ಣೇ, ಔಷಧವಲ್ಲ ಅಷ್ಟೆ.

ಹೊಗೆ ಮತ್ತು ತೂಕ

ಎಲ್ಲಕ್ಕಿಂತ ಗಟ್ಟಿಯಾದ ಸಾಕ್ಷ್ಯವಿರುವುದು ಧೂಮಪಾನದ ವಿರುದ್ಧ. ಅಮೆರಿಕದಲ್ಲಿ 1986ರಿಂದ ದಂತವೈದ್ಯರು, ಪಶುವೈದ್ಯರು, ಔಷಧ ವ್ಯಾಪಾರಿಗಳು ಮೊದಲಾದ 51 ಸಾವಿರಕ್ಕೂ ಹೆಚ್ಚು ಗಂಡಸರನ್ನು ಗಮನಿಸುತ್ತಿರುವ ಒಂದು ದೀರ್ಘ ಅಧ್ಯಯನವಿದೆ. ಅವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಬಂದ 5,366 ಮಂದಿಯ ವಿವರ 2011ರಲ್ಲಿ ಪ್ರಕಟವಾಯಿತು. ರೋಗ ಪತ್ತೆಯಾದಾಗ ಸೇದುತ್ತಿದ್ದವರಲ್ಲಿ, ಎಂದೂ ಸೇದದವರಿಗೆ ಹೋಲಿಸಿದರೆ, ಜೀವರಾಸಾಯನಿಕ ಮರುಕಳಿಕೆಯ ಸಂಭವವೂ ಅದೇ ಕ್ಯಾನ್ಸರಿನಿಂದ ಸಾಯುವ ಸಂಭವವೂ ಶೇಕಡಾ 61ರಷ್ಟು ಹೆಚ್ಚು. ಬಿಟ್ಟು ಹತ್ತು ವರ್ಷ ಕಳೆದವರಲ್ಲಿ ಅಪಾಯ ಎಂದೂ ಸೇದದವರ ಮಟ್ಟದಲ್ಲಿಯೇ ಇತ್ತು. ಎಪ್ಪತ್ತರ ವಯಸ್ಸಿನಲ್ಲಿ ಬೀಡಿ ಬಿಟ್ಟು ಏನು ಪ್ರಯೋಜನ ಎನ್ನುವವರು ಹೃದಯವನ್ನೂ ನೆನೆಯಬೇಕು. ಪ್ರಾಸ್ಟೇಟ್ ಕ್ಯಾನ್ಸರ್ ಬಂದ ಬಹಳಷ್ಟು ಮಂದಿ ಕೊನೆಗೆ ಸಾಯುವುದು ಬೇರೆ ಕಾಯಿಲೆಯಿಂದ, ಅದರಲ್ಲೂ ಹೃದ್ರೋಗದಿಂದ.

ತೂಕದ ಬಗೆಗೂ ಇದೇ ಬಗೆಯ ಸೂಚನೆಯಿದೆ. ಶಸ್ತ್ರಚಿಕಿತ್ಸೆಗೆ ಐದು ವರ್ಷ ಮುಂಚಿನಿಂದ ಒಂದು ವರ್ಷ ನಂತರದವರೆಗಿನ ಅವಧಿಯಲ್ಲಿ 2.2 ಕಿಲೋಗ್ರಾಂಗಿಂತ ಹೆಚ್ಚು ತೂಕ ಪಡೆದವರಲ್ಲಿ ಮರುಕಳಿಕೆ ಸುಮಾರು ಇಮ್ಮಡಿ ಎಂದು 1,337 ಮಂದಿಯ ಅಧ್ಯಯನವೊಂದು 2011ರಲ್ಲಿ ತಿಳಿಸಿತು. ತೂಕ ಇಳಿಸಿದರೆ ರೋಗ ನಿಧಾನವಾಗುವುದೆ ಎಂಬುದು ಬೇರೆಯೇ ಪ್ರಶ್ನೆ. ಮರುಕಳಿಕೆಯಾದವರ ಮೇಲೆಯೇ ನಡೆದು 2020ರಲ್ಲಿ ಪ್ರಕಟವಾದ ಒಂದು ಚಿಕ್ಕ ಪ್ರಯೋಗದಲ್ಲಿ ಅನ್ನ, ಬ್ರೆಡ್ಡು, ಸಕ್ಕರೆಯಂಥ ಪಿಷ್ಟ ಪದಾರ್ಥಗಳನ್ನು ತೀರ ಕಡಿಮೆ ಮಾಡಿದವರು ಆರು ತಿಂಗಳಲ್ಲಿ ಸರಾಸರಿ 12 ಕಿಲೋಗ್ರಾಂ ಇಳಿದರು. ಇಮ್ಮಡಿಯಾಗುವ ಅವಧಿ ಅವರಲ್ಲಿ 21 ತಿಂಗಳು, ಉಳಿದವರಲ್ಲಿ 15. ನೋಡಲು ಚೆನ್ನಾಗಿದೆ. ಆದರೆ ಲೆಕ್ಕಕ್ಕೆ ಸಿಕ್ಕವರು ಕೇವಲ 45 ಮಂದಿಯಾದ್ದರಿಂದ ಈ ಅಂತರ ಆಕಸ್ಮಿಕವೂ ಇರಬಹುದು. ಬೇರೆ ಅಂಶಗಳನ್ನು ಸರಿದೂಗಿಸಿ ಮತ್ತೆ ಲೆಕ್ಕ ಹಾಕಿದಾಗ ಅಂತರ ಹಿಗ್ಗಿತು ನಿಜ. ಅದನ್ನು ದೊಡ್ಡ ಪ್ರಯೋಗವೇ ದೃಢಪಡಿಸಬೇಕು.

ಬಿರುಸಿನ ನಡಿಗೆ

ಅಮೆರಿಕದ 1,455 ರೋಗಿಗಳ ಅಧ್ಯಯನವೊಂದು (2011) ನಡಿಗೆಯ ಕಾಲದ ಜೊತೆ ವೇಗವನ್ನೂ ಕೇಳಿತು. ಗಂಟೆಗೆ ಸುಮಾರು 5 ಕಿಲೋಮೀಟರಿನಂತೆ ವಾರಕ್ಕೆ ಮೂರು ಗಂಟೆಯಾದರೂ ಬಿರುಸಾಗಿ ನಡೆಯುತ್ತಿದ್ದವರಲ್ಲಿ ರೋಗ ಮುಂದುವರಿದದ್ದು, ನಿಧಾನವಾಗಿ ಅಡ್ಡಾಡುತ್ತಿದ್ದವರಿಗಿಂತ ಶೇಕಡಾ 57 ಕಡಿಮೆ. ಹರಟುತ್ತ ಪಾರ್ಕಿನಲ್ಲಿ ಎರಡು ಸುತ್ತು ಹಾಕುವುದು ಈ ಲೆಕ್ಕಕ್ಕೆ ಬರುವುದಿಲ್ಲ. ಇಲ್ಲಿಯೂ ಎಚ್ಚರ ಬೇಕು. ಒಟ್ಟು ಪ್ರಕರಣಗಳು 117 ಮಾತ್ರ. ಅಲ್ಲದೆ ಒಳಗೊಳಗೇ ರೋಗ ಬಲಿಯುತ್ತಿರುವವನು ಸುಸ್ತಾಗಿ ನಿಧಾನ ನಡೆಯುತ್ತಿರಬಹುದು. ಆಗ ಕಾರಣ ಯಾವುದು, ಪರಿಣಾಮ ಯಾವುದು? ಬರಿಯ ಗಮನಿಕೆಯ ಅಧ್ಯಯನಗಳಿಗೆ ಈ ಮಿತಿ ಸದಾ ಇದ್ದದ್ದೇ. ಹಾಗಿದ್ದೂ ನಡಿಗೆಯನ್ನು ಶಿಫಾರಸು ಮಾಡಲು ನನಗೆ ಹಿಂಜರಿಕೆಯಿಲ್ಲ. ದಾಳಿಂಬೆ ಸಾರದಂತೆ ಇದಕ್ಕೆ ಖರ್ಚಿಲ್ಲ. ಹೃದಯಕ್ಕೆ, ಸಕ್ಕರೆ ಕಾಯಿಲೆಗೆ ಆಗುವ ಲಾಭವಂತೂ ಖಚಿತ.

ಆಹಾರದ ವಿಷಯದಲ್ಲಿ ಉತ್ಸಾಹ ಹೆಚ್ಚು, ಪುರಾವೆ ಕಡಿಮೆ. ಚಿಕಿತ್ಸೆಯಿಲ್ಲದೆ ನಿಗಾದಲ್ಲಿದ್ದ ಆರಂಭದ ಹಂತದ 478 ರೋಗಿಗಳಲ್ಲಿ ಒಂದು ಗುಂಪಿಗೆ ದಿನಕ್ಕೆ ಏಳು ಪಾಲು ತರಕಾರಿ ತಿನ್ನುವಂತೆ ಫೋನಿನಲ್ಲಿ ಸಲಹೆ ಕೊಟ್ಟು ಎರಡು ವರ್ಷ ಕಾದರು. ಅವರು ತರಕಾರಿ ಹೆಚ್ಚಿಸಿಕೊಂಡರು. ಆದರೆ ರೋಗದ ಮುನ್ನಡೆಯಲ್ಲಿ ವ್ಯತ್ಯಾಸ ಕಾಣಲಿಲ್ಲ (2020). ಇನ್ನೊಂದೆಡೆ, 4,577 ರೋಗಿಗಳ ಅಧ್ಯಯನ (2013) ಪಿಷ್ಟದಿಂದ ಬರುವ ಕ್ಯಾಲರಿಗಳಲ್ಲಿ ಒಂದಂಶಕ್ಕೆ ಬದಲಾಗಿ ಸಸ್ಯಮೂಲದ ಕೊಬ್ಬು ತಿನ್ನುವವರಲ್ಲಿ ಮಾರಕ ಕ್ಯಾನ್ಸರ್ ಕಡಿಮೆ ಎಂದಿತು. ಇವೆಲ್ಲ ಅಮೆರಿಕದವರ ತಟ್ಟೆಯ ಲೆಕ್ಕ ಎಂಬುದನ್ನು ಮರೆಯಬಾರದು. ನಮ್ಮಲ್ಲಿ ಮೂರು ಹೊತ್ತೂ ಪಾಲಿಷ್ ಅಕ್ಕಿ ತಿನ್ನುವವರು ಅನ್ನ ತುಸು ತಗ್ಗಿಸಿ ಪಲ್ಯ, ಕಾಳು, ಒಂದು ಹಿಡಿ ಕಡಲೆಕಾಯಿ ಸೇರಿಸಿಕೊಂಡರೆ ನಷ್ಟವಿಲ್ಲ.

ಗುಳಿಗೆಗಳು

ನಷ್ಟ ಇರುವುದು ಡಬ್ಬಿಗಳಲ್ಲಿ. ವಿಟಮಿನ್ ಇ ಮತ್ತು ಸೆಲೀನಿಯಂ ಪ್ರಾಸ್ಟೇಟ್ ಕ್ಯಾನ್ಸರನ್ನು ತಡೆಯುತ್ತವೆಯೆ ಎಂದು ನೋಡಲು 35 ಸಾವಿರಕ್ಕೂ ಹೆಚ್ಚು ಗಂಡಸರ ಮೇಲೆ ನಡೆಯುತ್ತಿದ್ದ ಪ್ರಯೋಗದಲ್ಲಿ ಲಾಭ ಕಾಣದೆ 2008ರಲ್ಲಿ ಗುಳಿಗೆಗಳನ್ನು ನಿಲ್ಲಿಸಿದರು. ಗಮನಿಕೆ ಮುಂದುವರಿದು, 2011ರಲ್ಲಿ ತಿಳಿದದ್ದು ಇನ್ನೂ ಕಹಿ: ವಿಟಮಿನ್ ಇ ನುಂಗಿದವರಲ್ಲಿ ಈ ಕ್ಯಾನ್ಸರ್ ಶೇಕಡಾ 17 ಹೆಚ್ಚಾಗಿತ್ತು. ರೋಗ ಬಂದ ಮೇಲೆ ಸೆಲೀನಿಯಂ ಗುಳಿಗೆಯನ್ನು ದಿನಕ್ಕೆ 140 ಮೈಕ್ರೊಗ್ರಾಂ ಮೀರಿ ನುಂಗುತ್ತಿದ್ದವರಲ್ಲಿ ಅದೇ ಕ್ಯಾನ್ಸರಿನ ಸಾವು ಎರಡೂವರೆ ಪಟ್ಟು ಹೆಚ್ಚು ಎಂದು 2015ರ ಒಂದು ವರದಿ ಹೇಳಿತು.

ಇದಕ್ಕಿಂತ ವಿಚಿತ್ರ ಪಿಸಿ-ಸ್ಪೆಸ್ ಎಂಬ ಮೂಲಿಕೆ ಪುಡಿಯ ಕಥೆ. ಸ್ಪೆಸ್ ಎಂದರೆ ಲ್ಯಾಟಿನ್ನಿನಲ್ಲಿ ಭರವಸೆ. ಎಂಟು ಗಿಡಮೂಲಿಕೆಗಳ ಈ ಮಿಶ್ರಣ ತಿಂದವರಲ್ಲಿ ಪಿಎಸ್‌ಎ ನಿಜವಾಗಿಯೂ ಇಳಿಯುತ್ತಿತ್ತು. 2002ರಲ್ಲಿ ಪರೀಕ್ಷಿಸಿ ನೋಡಿದಾಗ ಅದರಲ್ಲಿ ರಕ್ತ ತೆಳುವಾಗಿಸುವ ವಾರ್ಫರಿನ್ ಸಿಕ್ಕಿತು. ಕೆಲವು ತಂಡಗಳಲ್ಲಿ ಡೈಈಥೈಲ್‌ಸ್ಟಿಲ್‌ಬೆಸ್ಟ್ರಾಲ್ ಎಂಬ ಕೃತಕ ಈಸ್ಟ್ರೊಜೆನ್ ಕೂಡ. ಈ ಎರಡನೆಯದು ಪ್ರಾಸ್ಟೇಟ್ ಕ್ಯಾನ್ಸರಿಗೆ ಬಹಳ ಹಿಂದಿನಿಂದ ಬಳಕೆಯಲ್ಲಿದ್ದ ಹಾರ್ಮೋನ್ ಔಷಧ. ತಾವು ಮೂಲಿಕೆ ತಿನ್ನುತ್ತಿದ್ದೇವೆಂದು ನಂಬಿದವರು ಅಳತೆ ಗೊತ್ತಿಲ್ಲದ ಔಷಧ ತಿನ್ನುತ್ತಿದ್ದರು. ಆ ವರ್ಷವೇ ಅದು ಮಾರುಕಟ್ಟೆಯಿಂದ ಹೋಯಿತು. ಯಾವುದೇ ಪುಡಿ, ಲೇಹ್ಯ, ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಹೇಳಲೇಬೇಕು. ಇಲ್ಲವಾದರೆ ಇಳಿದ ಪಿಎಸ್‌ಎ ಏನು ಹೇಳುತ್ತಿದೆ ಎಂಬುದು ಅವರಿಗೆ ತಿಳಿಯುವುದಿಲ್ಲ.

ಹಾರ್ಮೋನ್ ಚಿಕಿತ್ಸೆಯ ಕಾಲದಲ್ಲಿ

ಪ್ರಾಸ್ಟೇಟ್ ಕ್ಯಾನ್ಸರ್ ಬೆಳೆಯಲು ವೃಷಣಗಳ ಟೆಸ್ಟೋಸ್ಟಿರೋನ್ ಬೇಕು ಎಂದು ಷಿಕಾಗೊದ ಚಾರ್ಲ್ಸ್ ಹಗಿನ್ಸ್ 1941ರಲ್ಲಿ ತೋರಿಸಿದರು. 1966ರಲ್ಲಿ ನೊಬೆಲ್ ಪಡೆದರು. ಮರುಕಳಿಸಿದ ರೋಗಕ್ಕೆ ಇಂದಿಗೂ ಟೆಸ್ಟೋಸ್ಟಿರೋನ್ ತಗ್ಗಿಸುವ ಚುಚ್ಚುಮದ್ದು ಮುಖ್ಯ ಆಯುಧ. ಅದರ ಬೆಲೆಯನ್ನು ಸ್ನಾಯು ಮತ್ತು ಮೂಳೆ ತೆರುತ್ತವೆ. ಸ್ನಾಯು ಕರಗಿ ಕೊಬ್ಬು ಕೂಡುತ್ತದೆ, ಸುಸ್ತು ಬಿಡದು, ಮೂಳೆ ಟೊಳ್ಳಾಗುತ್ತದೆ. 2005ರ ಒಂದು ದೊಡ್ಡ ಅಧ್ಯಯನದ ಪ್ರಕಾರ, ರೋಗ ಪತ್ತೆಯಾಗಿ ಐದು ವರ್ಷ ಬದುಕಿದವರಲ್ಲಿ ಈ ಚಿಕಿತ್ಸೆ ಪಡೆದವರ ಪೈಕಿ ಶೇಕಡಾ 19.4 ಮಂದಿಗೆ ಮೂಳೆ ಮುರಿದಿತ್ತು, ಪಡೆಯದವರಲ್ಲಿ ಶೇಕಡಾ 12.6.

ವ್ಯಾಯಾಮದ ಬಗ್ಗೆ ಇಲ್ಲಿ ಸಂದೇಹವಿಲ್ಲ, ಏಕೆಂದರೆ ಚೀಟಿ ಎತ್ತಿ ಗುಂಪು ಮಾಡಿದಂಥ ಪ್ರಯೋಗಗಳೇ ಆಗಿವೆ. ಹಾರ್ಮೋನ್ ಚಿಕಿತ್ಸೆಯಲ್ಲಿದ್ದ 155 ಮಂದಿಯ ಕೆನಡಾ ಪ್ರಯೋಗದಲ್ಲಿ (2003) ವಾರಕ್ಕೆ ಮೂರು ಸಲದಂತೆ ಹನ್ನೆರಡು ವಾರ ಭಾರ ಎತ್ತುವ ವ್ಯಾಯಾಮ ಮಾಡಿದವರಲ್ಲಿ ಸುಸ್ತು ಇಳಿಯಿತು, ಕಸುವು ಹೆಚ್ಚಿತು. ಜಿಮ್ಮಿಗೇ ಹೋಗಬೇಕೆಂದಿಲ್ಲ. ಕುರ್ಚಿಯಿಂದ ಕೈಯೂರದೆ ಹತ್ತು ಸಲ ಏಳುವುದು, ನೀರು ತುಂಬಿದ ಬಾಟಲಿ ಎತ್ತುವುದು, ರಬ್ಬರ್ ಪಟ್ಟಿ ಎಳೆಯುವುದು ಆರಂಭಕ್ಕೆ ಸಾಕು. ಕ್ಯಾನ್ಸರ್ ಮೂಳೆಗೆ ಇಳಿದಿದ್ದರೆ ಮಾತ್ರ ಯಾವ ಭಾಗಕ್ಕೆ ಭಾರ ಹಾಕಬಾರದೆಂದು ವೈದ್ಯರನ್ನು ಕೇಳಿಯೇ ತೊಡಗಬೇಕು. ಕ್ಯಾಲ್ಸಿಯಂ ದಿನಕ್ಕೆ ಒಟ್ಟು 1,000ದಿಂದ 1,200 ಮಿಲಿಗ್ರಾಂ ಸಾಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಒಂದು ಮುದ್ದೆ, ಎರಡು ಲೋಟ ಮಜ್ಜಿಗೆ, ಸೊಪ್ಪಿನ ಸಾರು ಎಂದು ಲೆಕ್ಕ ಹಾಕಿ, ಕೊರತೆ ಬಿದ್ದಷ್ಟನ್ನು ಮಾತ್ರ ಮಾತ್ರೆಯಿಂದ ತುಂಬಿಕೊಳ್ಳಬಹುದು.