ವಿಶ್ವವಿದ್ಯಾಲಯದ ಸ್ವಂತ ಗ್ರಿಡ್

ಮೈಕ್ರೋಗ್ರಿಡ್ ಎಂದರೆ ಒಂದು ಹಳ್ಳಿ, ಆಸ್ಪತ್ರೆ ಅಥವಾ ವಿಶ್ವವಿದ್ಯಾಲಯ ತನ್ನ ಮಟ್ಟಿಗೆ ಕಟ್ಟಿಕೊಂಡ ಸಣ್ಣ ವಿದ್ಯುತ್ ಜಾಲ. ಅದಕ್ಕೆ ತನ್ನದೇ ಉತ್ಪಾದನೆ, ತನ್ನದೇ ತಂತಿಗಳು, ಸಂಗ್ರಹ ವ್ಯವಸ್ಥೆ ಮತ್ತು ಎಲ್ಲವನ್ನೂ ನಿಯಂತ್ರಿಸುವ ಕಂಪ್ಯೂಟರ್ ಇರುತ್ತವೆ. ಸಾಮಾನ್ಯ ದಿನಗಳಲ್ಲಿ ಅದು ದೊಡ್ಡ ಗ್ರಿಡ್‌ಗೆ ಸೇರಿಕೊಂಡೇ ಇದ್ದು, ಕೊರತೆ ಬಿದ್ದಷ್ಟನ್ನು ಅಲ್ಲಿಂದ ಪಡೆಯುತ್ತದೆ. ಹೊರಗಿನ ಗ್ರಿಡ್ ಕೈಕೊಟ್ಟಾಗ ಸಂಪರ್ಕ ಕಡಿದುಕೊಂಡು ಒಂಟಿಯಾಗಿ ನಡೆಯುತ್ತದೆ. ಹೀಗೆ ಬೇರ್ಪಟ್ಟು ನಡೆಯುವ ಸಾಮರ್ಥ್ಯವೇ ಅದರ ಜೀವಾಳ. ಚಾವಣಿಯ ಮೇಲೆ ಎಷ್ಟು ಸೌರಫಲಕಗಳಿವೆ ಎಂಬುದು ಆಮೇಲಿನ ಮಾತು.

ಚಾವಣಿಗೆ ಸೋಲಾರ್ ಹಾಕಿಸಿಕೊಂಡ ಅನೇಕರಿಗೆ ಒಂದು ಅಚ್ಚರಿ ಕಾದಿರುತ್ತದೆ: ಮಧ್ಯಾಹ್ನದ ಸುಡುಬಿಸಿಲಲ್ಲಿ ಕರೆಂಟ್ ಹೋದರೆ ಸೋಲಾರ್ ಕೂಡ ನಿಂತುಹೋಗುತ್ತದೆ. ಇದು ದೋಷವಲ್ಲ. ಗ್ರಿಡ್‌ಗೆ ಜೋಡಿಸುವ ಸಾಮಾನ್ಯ ಇನ್ವರ್ಟರ್, ಗ್ರಿಡ್‌ನ ವೋಲ್ಟೇಜ್ ಮತ್ತು ಆವರ್ತನವನ್ನು ನೋಡಿಕೊಂಡೇ ಕೆಲಸ ಮಾಡುತ್ತದೆ. ಗ್ರಿಡ್ ಸತ್ತ ಕ್ಷಣ ಅದು ತಾನೂ ಬಂದ್ ಆಗಬೇಕೆಂಬುದು ನಿಯಮ. ಇಲ್ಲದಿದ್ದರೆ, ಲೈನ್ ಆಫ್ ಆಗಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್‌ಗೆ ಆ ಮನೆಯ ಕರೆಂಟೇ ಹೊಡೆದೀತು.

ಒಂಟಿಯಾಗಿ ನಡೆಯಬೇಕಾದರೆ ಎರಡು ವ್ಯವಸ್ಥೆ ಬೇಕೇ ಬೇಕು. ಒಂದು, ಹೊರಗಿನ ಗ್ರಿಡ್‌ನಿಂದ ಆವರಣವನ್ನು ಪೂರ್ತಿ ಬೇರ್ಪಡಿಸುವ ಸ್ವಿಚ್. ಇನ್ನೊಂದು, ಒಳಗಿನ ವೋಲ್ಟೇಜ್ ಮತ್ತು ಆವರ್ತನವನ್ನು ತಾನೇ ನಿಗದಿಪಡಿಸುವ ಯಂತ್ರ. ಈ ಕೆಲಸವನ್ನು ಜನರೇಟರ್ ಮಾಡಬಹುದು, ಬ್ಯಾಟರಿಗೆ ಜೋಡಿಸಿದ ವಿಶೇಷ ಇನ್ವರ್ಟರ್ ಕೂಡ ಮಾಡಬಹುದು. ಉತ್ಪಾದನೆ ಮತ್ತು ಬಳಕೆ ಕ್ಷಣಕ್ಷಣಕ್ಕೂ ಸರಿಸಮವಾಗಿರಬೇಕು. ಮೋಡ ಕವಿದು ಸೌರ ವಿದ್ಯುತ್ ದಿಢೀರನೆ ಇಳಿದರೆ ಬ್ಯಾಟರಿ ಆ ಕೊರತೆ ತುಂಬಬೇಕು, ಇಲ್ಲವೇ ಅಷ್ಟೇ ವೇಗದಲ್ಲಿ ಕೆಲವು ಕಟ್ಟಡಗಳ ಲೋಡ್ ಕಡಿಯಬೇಕು. ಯಾವುದನ್ನು ಮೊದಲು ಆರಿಸಬೇಕು, ಯಾವುದನ್ನು ಕೊನೆಯವರೆಗೂ ಉಳಿಸಬೇಕು ಎಂಬ ಪಟ್ಟಿ ಮುಂಚೆಯೇ ಸಿದ್ಧವಿರಬೇಕು. ಕಾರಿಡಾರಿನ ದೀಪ ಕಾಯಬಹುದು; ಪ್ರಯೋಗಾಲಯದ ಶೀತಕದಲ್ಲಿರುವ ಜೀವಕೋಶಗಳ ಮಾದರಿಗಳು ಕಾಯಲಾರವು.

ಇಂಥ ವ್ಯವಸ್ಥೆಗಳಲ್ಲಿ ಬಹಳ ಹೆಸರಾದದ್ದು ಅಮೆರಿಕದ ಸ್ಯಾನ್ ಡಿಯಾಗೋದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ್ದು. ಸುಮಾರು 1,200 ಎಕರೆಯ ಈ ಆವರಣ ತನ್ನ ವರ್ಷದ ವಿದ್ಯುತ್ತಿನ ಬಹುಪಾಲನ್ನು ತಾನೇ ಉತ್ಪಾದಿಸಿಕೊಳ್ಳುವ ಮಟ್ಟಕ್ಕೆ ಬೆಳೆಯಿತು. 2001ರಲ್ಲಿ ಆರಂಭವಾದ ಸಹ-ಉತ್ಪಾದನಾ ಘಟಕದಲ್ಲಿ ತಲಾ 13.5 ಮೆಗಾವ್ಯಾಟ್‌ನ ಎರಡು ಅನಿಲ ಟರ್ಬೈನ್‌ಗಳು ಮತ್ತು 3 ಮೆಗಾವ್ಯಾಟ್‌ನ ಒಂದು ಉಗಿ ಟರ್ಬೈನ್ ಇವೆ. ಟರ್ಬೈನಿನಿಂದ ಹೊರಬರುವ ಬಿಸಿ ಗಾಳಿಯೂ ವ್ಯರ್ಥವಾಗದೆ ಕಟ್ಟಡಗಳನ್ನು ಬೆಚ್ಚಗಿಡಲು, ತಂಪಾಗಿಸಲು ಒದಗುತ್ತದೆ. ಇದರ ಜೊತೆಗೆ ಚಾವಣಿಗಳ ಮೇಲೆ ಸೌರಫಲಕಗಳು ಬಂದವು. 2.8 ಮೆಗಾವ್ಯಾಟ್‌ನ ಇಂಧನ ಕೋಶವೂ ಬಂತು. ಅದರ ಇಂಧನ, ನಗರದ ಪಾಯಿಂಟ್ ಲೋಮಾ ಕೊಳಚೆ ನೀರು ಶುದ್ಧೀಕರಣ ಘಟಕದಲ್ಲಿ ಹುಟ್ಟುವ ಮೀಥೇನ್ ಆಗಿತ್ತು. ಮುಂದೆ ಸೇರಿದ ಬ್ಯಾಟರಿ 2.5 ಮೆಗಾವ್ಯಾಟ್‌ನಂತೆ ಎರಡು ಗಂಟೆ ಪೂರೈಸಬಲ್ಲದು.

ಇಲ್ಲಿನ ಇನ್ನೊಂದು ಸಂಗ್ರಹ ಬ್ಯಾಟರಿಯಲ್ಲ, ಬರೀ ನೀರು. ಸುಮಾರು 1.4 ಕೋಟಿ ಲೀಟರ್ ಹಿಡಿಯುವ ಟ್ಯಾಂಕಿನ ನೀರನ್ನು ರಾತ್ರಿ, ವಿದ್ಯುತ್ ಅಗ್ಗವಾಗಿರುವ ಹೊತ್ತಿನಲ್ಲಿ ತಂಪಾಗಿಸಿ ಇಡಲಾಗುತ್ತದೆ. ಹಗಲು ಆ ನೀರು ಕೊಳವೆಗಳಲ್ಲಿ ಹರಿದು ಕಟ್ಟಡಗಳನ್ನು ತಂಪು ಮಾಡುತ್ತದೆ. ಬೇಡಿಕೆ ತುತ್ತತುದಿಯಲ್ಲಿರುವ ಮಧ್ಯಾಹ್ನದಲ್ಲಿ ದೊಡ್ಡ ದೊಡ್ಡ ಶೀತಕ ಯಂತ್ರಗಳನ್ನು ಓಡಿಸುವ ಹೊರೆ ಅಷ್ಟರಮಟ್ಟಿಗೆ ತಪ್ಪುತ್ತದೆ. ಬಿಸಿ ನಾಡುಗಳ ವಿದ್ಯಾಸಂಸ್ಥೆಗಳು ಮೊದಲು ನೋಡಿ ಕಲಿಯಬೇಕಾದದ್ದು ಈ ಟ್ಯಾಂಕನ್ನೇ.

2007ರ ಅಕ್ಟೋಬರ್‌ನಲ್ಲಿ ಸ್ಯಾನ್ ಡಿಯಾಗೋ ಸುತ್ತಲಿನ ಕಾಡ್ಗಿಚ್ಚು ಪ್ರಸರಣ ಮಾರ್ಗಗಳಿಗೆ ತಗುಲಿ ನಗರದ ಗ್ರಿಡ್ ಸಂಕಷ್ಟಕ್ಕೆ ಸಿಕ್ಕಿತು. ಅದುವರೆಗೆ ಹೊರಗಿನಿಂದ 4 ಮೆಗಾವ್ಯಾಟ್ ಪಡೆಯುತ್ತಿದ್ದ ಆವರಣ ತನ್ನ ಬಳಕೆ ತಗ್ಗಿಸಿ, ಉತ್ಪಾದನೆ ಹೆಚ್ಚಿಸಿ, 3 ಮೆಗಾವ್ಯಾಟನ್ನು ತಿರುಗಿ ಗ್ರಿಡ್‌ಗೇ ಕೊಟ್ಟಿತು. ಇಂಥದ್ದೇ ಜಾಲವಿದ್ದ ನ್ಯೂಜೆರ್ಸಿಯ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಕ್ಕೆ ಪರೀಕ್ಷೆ ಬಂದದ್ದು 2012ರ ಅಕ್ಟೋಬರ್ ಕೊನೆಯಲ್ಲಿ, ಸ್ಯಾಂಡಿ ಚಂಡಮಾರುತದ ರೂಪದಲ್ಲಿ. ರಾಜ್ಯದ ಬಹುಭಾಗ ಕತ್ತಲಲ್ಲಿದ್ದಾಗ ಅದು ಗ್ರಿಡ್‌ನಿಂದ ಬೇರ್ಪಟ್ಟು ತನ್ನ ಘಟಕದಿಂದಲೇ ಮುಖ್ಯ ಕಟ್ಟಡಗಳನ್ನು ನಡೆಸಿತು. ಸುತ್ತಲಿನ ಪೊಲೀಸರು, ಅಗ್ನಿಶಾಮಕ ಸಿಬ್ಬಂದಿ ತಮ್ಮ ಫೋನು, ಉಪಕರಣಗಳನ್ನು ಚಾರ್ಜ್ ಮಾಡಿಕೊಳ್ಳಲು ಅಲ್ಲಿಗೇ ಬಂದರು.

ಈ ಎರಡೂ ಕಡೆ ಭಾರ ಹೊತ್ತದ್ದು ಮುಖ್ಯವಾಗಿ ನೈಸರ್ಗಿಕ ಅನಿಲ ಎಂಬುದನ್ನು ಮುಚ್ಚಿಡಬೇಕಿಲ್ಲ. ಪ್ರಿನ್ಸ್‌ಟನ್ನಿನ 27 ಎಕರೆಯ 5.3 ಮೆಗಾವ್ಯಾಟ್ ಸೌರಘಟಕ ಆವರಣದ ಅಗತ್ಯದ ಶೇ 5ರ ಆಸುಪಾಸನ್ನಷ್ಟೇ ಪೂರೈಸುವಂಥದ್ದು. ಅನಿಲವನ್ನು ಬಿಟ್ಟು ಬಿಸಿಲು, ಬ್ಯಾಟರಿಗಳಿಂದಲೇ ದಿನಗಟ್ಟಲೆ ನಡೆಸಬೇಕೆಂದರೆ ಸಂಗ್ರಹ ಹಲವು ಪಟ್ಟು ಬೆಳೆಯಬೇಕು. ಬ್ಯಾಟರಿಯ ಬೆಲೆ ಇಳಿದಷ್ಟೂ ಅದು ಕೈಗೆಟುಕುತ್ತದೆ. ಹಾಗೆಂದು ಈಗಿನ ಜಾಲಗಳನ್ನು ಕಡೆಗಣಿಸುವಂತಿಲ್ಲ. ಸ್ವಿಚ್, ತಂತಿ, ನಿಯಂತ್ರಣ ಎಲ್ಲವೂ ಸಿದ್ಧವಿರುವ ಕಡೆ ಇಂಧನವನ್ನು ಹಂತಹಂತವಾಗಿ ಬದಲಿಸಬಹುದು.

ಈ ಪ್ರಯೋಗಕ್ಕೆ ವಿಶ್ವವಿದ್ಯಾಲಯಗಳು ಹೊಂದಿಕೆಯಾಗಲು ಕಾರಣ ಸರಳ. ನೆಲ, ಕಟ್ಟಡ, ಒಳಗಿನ ವಿದ್ಯುತ್ ಮಾರ್ಗ ಎಲ್ಲಕ್ಕೂ ಒಬ್ಬನೇ ಒಡೆಯ. ಹಗಲು ತರಗತಿ, ಪ್ರಯೋಗಾಲಯಗಳು, ರಾತ್ರಿ ಹಾಸ್ಟೆಲ್‌ಗಳು ವಿದ್ಯುತ್ ಬಳಸುವುದರಿಂದ ಬೇಡಿಕೆ ಹಂಚಿಹೋಗುತ್ತದೆ. ಈ ವಿದ್ಯೆಯನ್ನು ಕಲಿಸುವವರೂ ಕಲಿಯುವವರೂ ಅಲ್ಲೇ ಇರುತ್ತಾರೆ.

ಕರ್ನಾಟಕದ ಅನೇಕ ಕಾಲೇಜುಗಳ ಚಾವಣಿಗಳಲ್ಲಿ ಈಗಾಗಲೇ ಸೌರಫಲಕಗಳಿವೆ, ಕೆಳಗೆ ಡೀಸೆಲ್ ಜನರೇಟರೂ ಇದೆ. ಇನ್ನು ಮುಂದೆ ಸೋಲಾರ್ ಟೆಂಡರ್ ಕರೆಯುವ ಸಂಸ್ಥೆಗಳು ಎಷ್ಟು ಕಿಲೋವ್ಯಾಟ್ ಎಂದು ಕೇಳಿ ಸುಮ್ಮನಾಗಬಾರದು. ಗ್ರಿಡ್ ಹೋದಾಗ ಇದು ನಡೆಯುತ್ತದೆಯೇ, ಬೇರ್ಪಡಿಸುವ ಸ್ವಿಚ್ ಎಲ್ಲಿದೆ, ಮುಂದೆ ಬ್ಯಾಟರಿ ಸೇರಿಸಲು ಆಗುತ್ತದೆಯೇ ಎಂಬುದನ್ನು ಕಾಗದದ ಮೇಲೆ ಬರೆಸಿಕೊಂಡೇ ಸಹಿ ಹಾಕಬೇಕು.